ಡೆನ್ಮಾರ್ಕಿಗೆ ಹೋಗಿ ಬಂದ ಹಂಚು

ಕನ್ಯೆ ನೋಡಲು ಬಂದವರೂ ಕನ್ಯೆಯನ್ನು ಅಷ್ಟು ಹೊತ್ತು ನೋಡುವುದಿಲ್ಲ. ಮೈನುದ್ದೀನ ಮಾತ್ರ ಅಡುಗೆಮನೆಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಆ ತಗಡಿನ ಒಲೆಯನ್ನು ಹಿಂದೆ ನೋಡಿದ, ಮುಂದೆ ನೋಡಿದ, ಮೇಲೆ ಅಂಗೈ ಇಟ್ಟು ನೋಡಿದ, ಬೂದಿ ಕೆದರಿಯೂ ನೋಡಿದ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಇಷ್ರತಳಿಗೆ ಹೊಟ್ಟೆ ಉರಿಯಿತು. ಒಲೆಯ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ? ಪಡುತ್ತಾರೆ ನೋಡಿ.

“ದಿನಾ ಹಚ್ತೀರಲ್ರಿ?” ಎಂದ ಅವನು, ಮುಖ ಎತ್ತದೆ.

“ಯಾರನ್ನ ಕೇಳಾಕತ್ತೀರಿ? ಒಲಿನ್ನೋ, ನನ್ನೋ?”

ಆಗ ಮುಖ ಎತ್ತಿದ. ಹಣೆಯ ಮೇಲೆ ಒಂದು ಬೆರಳಿನಷ್ಟು ಮಸಿ. ನಗುವಾಗ ಅವನ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿದ್ದವು. ಆ ಹೊತ್ತಿನಲ್ಲಿ ಅವನನ್ನು ಎಷ್ಟು ಬೇಕಾದರೂ ನೋಡಬಹುದು, ಅವನಿಗೆ ಗೊತ್ತಾಗುವುದಿಲ್ಲ ಎಂಬುದನ್ನು ಇಷ್ರತ ಎಂದೋ ಕಂಡುಕೊಂಡಿದ್ದಳು.

“ಇಬ್ಬರನ್ನೂ,” ಎಂದ.

ಇದಕ್ಕೆ ಏನಂತ ಅರ್ಥ ಮಾಡಿಕೊಳ್ಳುವುದು? ಅವಳಿಗೆ ತಿಳಿಯಲಿಲ್ಲ. ಅವನು ಬಂದುಹೋದ ಮೇಲೆ ಪ್ರತಿ ಸಲವೂ ಹೀಗೆಯೇ, ತಲೆ ಗೊಂದಲದ ಗೂಡಾಗುತ್ತಿತ್ತು.

ಅದು ಎರಡು ಸಾವಿರದ ಏಳನೆಯ ಇಸವಿ. ಡೆನ್ಮಾರ್ಕ್ ದೇಶದ ಒಂದು ಸಂಸ್ಥೆ ಮತ್ತು ನಮ್ಮ ಕಡೆಯ ಒಂದು ಸಂಸ್ಥೆ ಕೂಡಿ ರೋಣ ತಾಲೂಕಿನ ಕೆಲವು ಹಳ್ಳಿಗಳಿಗೆ ಕಡಿಮೆ ಹೊಗೆಯ ಒಲೆ ಹಂಚಿದ್ದವು. ಅಬ್ಬಿಗೇರಿಯಲ್ಲಿ ಇಷ್ರತಳ ಓಣಿಯ ಎಲ್ಲ ಮನೆಗಳಿಗೂ ಸಿಕ್ಕಿದ್ದವು. ಪ್ರತಿ ಒಲೆಯ ಬೆನ್ನಿಗೆ ನಾಣ್ಯದಷ್ಟು ದೊಡ್ಡ ಬಿಲ್ಲೆಯೊಂದು ಅಂಟಿಕೊಂಡಿರುತ್ತಿತ್ತು. ಒಲೆ ಯಾವಾಗ ಕಾಯಿತು, ಯಾವಾಗ ಆರಿತು ಎಂದು ಅದು ನೆನಪಿಟ್ಟುಕೊಳ್ಳುತ್ತದಂತೆ. ಮೈನುದ್ದೀನ ನರಗುಂದದ ಹುಡುಗ, ಡಿಗ್ರಿ ಮುಗಿಸಿದವನು. ವಾರಕ್ಕೊಮ್ಮೆ ಹಳೆಯ ಮೋಟಾರ್‌ಸೈಕಲ್ ಮೇಲೆ ಬಂದು ಬಿಲ್ಲೆ ಬದಲಿಸಿಕೊಂಡು ಹೋಗಿ, ರೋಣದ ಆಫೀಸಿನ ಕಂಪ್ಯೂಟರಿಗೆ ಜೋಡಿಸಿ ಲೆಕ್ಕ ಬರೆದರೆ ಅದು ಡೆನ್ಮಾರ್ಕಿಗೆ ಮುಟ್ಟುತ್ತಿತ್ತು. ಇಲ್ಲಿ ಕಡಿಮೆಯಾದ ಹೊಗೆಯನ್ನು ಅಲ್ಲಿಯವರು ತಾವೇ ಕಡಿಮೆ ಮಾಡಿದ್ದೆಂದು ತಮ್ಮ ಲೆಕ್ಕಕ್ಕೆ ಹಿಡಿಯುತ್ತಿದ್ದರು.

“ನಮ್ಮವ್ವ ರೊಟ್ಟಿ ಸುಡೂ ಹೊಗಿಗೂ ಆ ದೇಶಕ್ಕೂ ಏನ್ರಿ ಸಂಬಂಧ?” ಎಂದು ಇಷ್ರತ ಒಮ್ಮೆ ಕೇಳಿದ್ದಳು.

“ಮ್ಯಾಲ ಹೋದ ಹೊಗಿಗೆ ಯಾವ ದೇಶರಿ? ಎಲ್ಲಾ ಕೂಡಿಬಿಡತೈತಿ. ಬಿಸಲ ಹೆಚ್ಚಾದ್ರ ನಮಗೂ ಹೆಚ್ಚ, ಅವರಿಗೂ ಹೆಚ್ಚ. ಅವರ ಊರಾಗ ಹೊಗಿ ಕಡಿಮಿ ಮಾಡೂದು ಭಾಳ ತುಟ್ಟಿ, ನಮ್ಮಲ್ಲಿ ಸೋವಿ. ಅದಕ್ಕ ಇಬ್ಬರೂ ಕೂಡಿ ಮಾಡಾಕತ್ತೇವಿ.”

“ಹಂಗಾರ ನಮ್ಮವ್ವನ ಕೆಮ್ಮನ್ನೂ ಅವರ ಲೆಕ್ಕದಾಗ ಹಿಡೀತಾರೇನು?”

ಆವತ್ತು ಮೈನುದ್ದೀನ ಬಸಿಯಲ್ಲಿದ್ದ ಚಹಾವನ್ನು ಊದಿ ಊದಿ ಕುಡಿದು ಎದ್ದುಹೋದ.

ಇನ್ನು ಓಣಿಯ ಗುಟ್ಟು ಹೇಳಬೇಕು. ಆ ಚಂದದ ಒಲೆಯ ಮೇಲೆ ಯಾರೂ ರೊಟ್ಟಿ ಮಾಡುತ್ತಿರಲಿಲ್ಲ. ಅದರ ಬಾಯಿ ಸಣ್ಣದು. ಇಷ್ರತಳ ತಾಯಿ ಸಾಬೀರಾಳ ಕಬ್ಬಿಣದ ಹಂಚು ದೊಡ್ಡದು, ಮೇಲಿಟ್ಟರೆ ಲಟಕ್ ಲಟಕ್ ಅಲುಗಾಡುತ್ತಿತ್ತು. ರೊಟ್ಟಿಯ ನಡುವೆ ಕರಕು, ಅಂಚು ಹಸಿ. ಹಂಚಿನಿಂದ ತೆಗೆದ ರೊಟ್ಟಿಯನ್ನು ಒಲೆಯ ಮುಂದೆ ಕೆಂಡಕ್ಕೆ ಒರಗಿಸಿ ಉಬ್ಬಿಸಬೇಕಲ್ಲ, ಅದಕ್ಕೆ ಜಾಗವೇ ಇರಲಿಲ್ಲ. ಸಾಬೀರಾ ನಾಲ್ಕು ದಿನ ನೋಡಿದಳು, “ಇದರ ಮನಿ ಹಾಳಾಗ,” ಎಂದು ಬೈದು ಮತ್ತೆ ಮಣ್ಣಿನ ಒಲೆಗೆ ಹತ್ತಿಕಟಿಗೆ ತುರುಕಿದಳು.

ಆದರೆ ಮೈನುದ್ದೀನನ ಮುಂದೆ ಇದನ್ನು ಹೇಳುವುದು ಹೇಗೆ? ಅಬ್ಬಿಗೇರಿಯ ಆ ಓಣಿಯಲ್ಲಿ ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದ ರೂಢಿಯೇ ಇಲ್ಲ. ಚಹಾ ಬೇಡಿದವರಿಗೆ ಚಹಾ, ಮಜ್ಜಿಗೆ ಬೇಡಿದವರಿಗೆ ಮಜ್ಜಿಗೆ. ಈ ಹುಡುಗ ಬಂದು ಬೇಡುವುದು ಬಿಸಿ ಒಲೆ.

“ಪಾಪ, ಮಂದಿ ಮಗ ಅದಾನ,” ಎಂದು ತೀರ್ಪು ಕೊಟ್ಟವಳು ಪಕ್ಕದ ಮನೆಯ ಚನ್ನವ್ವ. ಓಣಿಗೆಲ್ಲ ಹಿರಿಯಳು, ನಾಲಿಗೆಯಲ್ಲಂತೂ ಹೆಚ್ಚೇ ಹಿರಿಯಳು. “ಒಲಿ ತಣ್ಣಗಿದ್ರ ಅವನ ಸಾಹೇಬ್ರು ಅವನ್ನ ಬೈದಾರು. ಅಂವ ಬರೂ ದಿನ ಎಲ್ಲಾರೂ ಒಂದೀಟ ಉರಿ ಹಚ್ರೆವಾ. ನಮ್ಮ ಗಂಟೇನ ಹೋಗತೈತಿ?”

ಹಾಗೆ ಅವನು ಬರುವ ದಿನ ಓಣಿಯ ಅಷ್ಟೂ ಒಲೆಗಳು ಬೆಚ್ಚಗಿರುತ್ತಿದ್ದವು. ಇಷ್ರತಳ ಮನೆಯಲ್ಲಿ ಆ ಬಿಸಿಯ ಮೇಲೆ ಚಹಾ ಕಾಯುತ್ತಿತ್ತು, ಶುಂಠಿ ಜಜ್ಜಿ ಹಾಕಿದ್ದು. ಅವನು ಬಸಿಗೆ ಸುರಿದುಕೊಂಡು ನಿಧಾನ ಕುಡಿಯುತ್ತಿದ್ದ. ಸಕ್ಕರೆ ಕರಗಿ ಎಷ್ಟೋ ಹೊತ್ತಾದ ಮೇಲೂ ಚಮಚ ಆಡಿಸುತ್ತಿದ್ದ. ಬರುವುದು ಬಿಲ್ಲೆಗಾಗಿಯೇ ಆದರೆ ಇಷ್ಟು ಹೊತ್ತು ಯಾಕೆ ಕೂರುತ್ತಾನೆ? ನನಗಾಗಿ ಆದರೆ ಒಲೆಯ ಮಾತು ಬಿಟ್ಟು ಬೇರೆ ಯಾಕೆ ಆಡುವುದಿಲ್ಲ? ಇಷ್ರತ ಲೋಟ ತೊಳೆಯುತ್ತ ಕೇಳಿಕೊಳ್ಳುತ್ತಿದ್ದಳು. ಬಾಯಿಬಿಟ್ಟು ಕೇಳಲು ನಾಚಿಕೆ, ಕೇಳದಿರಲು ಸಂಕಟ.

ಒಂದು ಸಲ ಅವನೇ ಬಾಯಿಬಿಟ್ಟ. ಬಿಟ್ಟ ಎನ್ನುವುದಕ್ಕಿಂತ ಅರ್ಧ ಬಿಟ್ಟ.

“ಡೆನ್ಮಾರ್ಕದಿಂದ ಇಂಗರ್ ಮೇಡಂ ಬರಾಕತ್ತಾರ್ರಿ. ಒಲಿ ಹ್ಯಾಂಗ ನಡದಾವ ನೋಡ್ತಾರಂತ. ಈ ಓಣಿ ಚಲೋ ಐತಿ ಅಂದ್ರ ಕೆಲಸ ಮುಂದವರೀತೈತಿ, ನನ್ನ ಕಾಯಂ ಮಾಡ್ತಾರ. ಕಾಯಂ ಆದ್ರ…”

“ಆದ್ರ?”

“ನಮ್ಮವ್ವನ್ನ ನರಗುಂದದಿಂದ ಒಮ್ಮಿ ಈ ಕಡೆ ಕರಕೊಂಡ ಬರೂದೈತಿ.”

ತಾಯಿಯನ್ನು ಕರೆತರುವುದೆಂದರೆ ಏನೆಂದು ಇಷ್ರತಳಿಗೆ ತಿಳಿಯಿತು. ಆದರೂ ಕೊಂಕು ಬಿಡಲಿಲ್ಲ. “ಅವರೂ ಒಲಿ ನೋಡಾಕ ಬರ್ತಾರೇನು?”

ಮೈನುದ್ದೀನ ಚಹಾ ಚೆಲ್ಲಿಕೊಂಡ. ಅಂಗಿ ಒರೆಸಿಕೊಳ್ಳುತ್ತ ಗಾಡಿ ಹತ್ತಿ ಹೋದ.

ಅವಳು ಇನ್ನೂ ಆ ಲೋಟ ಹಿಡಿದುಕೊಂಡೇ ನಿಂತಿದ್ದಳು, ಒಳಗಿನಿಂದ ಅವ್ವನ ಕೆಮ್ಮು ಕೇಳಿತು. ಸಾಬೀರಾ ಸಂಜೆಯ ರೊಟ್ಟಿಗೆ ಕೂತಿದ್ದಳು. ಕಣ್ಣು ಕೆಂಡದಂತೆ ಕೆಂಪು. ಒಮ್ಮೆ ಕೆಮ್ಮು ಹಿಡಿದರೆ ಬಡಿಯುತ್ತಿದ್ದ ರೊಟ್ಟಿ ಬಿಟ್ಟು ಗೋಡೆ ಹಿಡಿಯಬೇಕು. ಪಡಸಾಲೆಯಲ್ಲಿ ಗಾದಿ ಹೊಲಿಯುತ್ತಿದ್ದ ತಂದೆ ಮೋದಿನಸಾಬ ಸೂಜಿ ನಿಲ್ಲಿಸಿ ಆ ಕೆಮ್ಮು ಮುಗಿಯುವುದನ್ನೇ ಕಾಯುತ್ತಿದ್ದ.

“ದವಾಖಾನ್ಯಾಗ ಹೊಗಿ ಬಿಡ ಅಂತಾರ,” ಎಂದಳು ಸಾಬೀರಾ ಉಸಿರು ತಿರುಗಿದ ಮೇಲೆ. “ಹೊಗಿ ಬಿಟ್ರ ರೊಟ್ಟಿ ಅವರು ಬಂದ ಸುಡ್ತಾರೇನು?”

“ಅವ್ವಾ, ಆ ಮೇಡಂ ಬಂದಾಗ ಹೊಸ ಒಲಿ ಸರಿ ಇಲ್ಲಂತ ಹೇಳೂಣೇನು? ಸರಿ ಮಾಡಿ ಕೊಟ್ರೂ ಕೊಟ್ಟಾರು.”

“ಹುಚ್ಚಿ! ಆ ಹುಡುಗನ ಅನ್ನಕ್ಕ ಕಲ್ಲ ಬೀಳತೈತಿ. ಸುಮ್ನಿರು.”

ಸುಮ್ಮನಿರುವುದು ಎಷ್ಟು ಸುಲಭ! ಒಲೆ ಚಲೋ ಐತಿ ಎಂದರೆ ಮೈನುದ್ದೀನ ಕಾಯಂ, ಅವನ ತಾಯಿ ಈ ಹೊಸ್ತಿಲು ತುಳಿಯುತ್ತಾಳೆ. ಖರೇ ಹೇಳಿದರೆ ಅವನೂ ಇಲ್ಲ, ಅವನ ತಾಯಿಯೂ ಇಲ್ಲ. ಆದರೆ ಸುಳ್ಳು ಹೇಳಿ ಮದುವೆಯಾಗಿ ನರಗುಂದಕ್ಕೆ ಹೋದರೆ ಈ ಹೊಗೆಯಲ್ಲಿ ಗೋಡೆ ಹಿಡಿಯುವವಳು ಅವ್ವ. ಯಾವ ಕಡೆ ತಿರುಗಿದರೂ ತನ್ನದೇ ಕರುಳಿಗೆ ಕೈ ಹಾಕಿದಂತೆ. ಇಷ್ರತ ಹಿಟ್ಟು ನಾದುತ್ತ ನಾದುತ್ತ ನೀರು ಹೆಚ್ಚು ಹಾಕಿ ಅವ್ವನ ಕೈಲಿ ಬೈಸಿಕೊಂಡಳು.

ಇಂಗರ್ ಬಂದ ದಿನ ಓಣಿಯಲ್ಲಿ ಹಾಲು ಮುಗಿದುಹೋಯಿತು. ಎಲ್ಲ ಮನೆಗಳಲ್ಲೂ ಹೊಸ ಒಲೆ, ಎಲ್ಲ ಒಲೆಗಳ ಮೇಲೂ ಚಹಾ. ಮೂಗು ಬಿಸಿಲಿಗೆ ಕೆಂಪಾದ ಆ ಎತ್ತರದ ಹೆಂಗಸು, ತೋಳು ಗಿಡ್ಡವಾದ ಚೂಡಿದಾರ ತೊಟ್ಟು, ಕೊಟ್ಟಲ್ಲೆಲ್ಲ ಕುಡಿದು ಕುಡಿದು ಇಷ್ರತಳ ಮನೆಗೆ ಬರುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡಿದ್ದಳು. ಮೈನುದ್ದೀನ ಇಸ್ತ್ರಿ ಮಾಡಿದ ಅಂಗಿಯಲ್ಲಿ ಹಿಂದೆ ಹಿಂದೆ. ಅವಳ ಇಂಗ್ಲಿಷನ್ನು ಕನ್ನಡ ಮಾಡುವವನೂ ಅವನೇ, ಇವರ ಕನ್ನಡವನ್ನು ಇಂಗ್ಲಿಷ್ ಮಾಡುವವನೂ ಅವನೇ.

ಇಂಗರ್ ಒಲೆ ಮುಟ್ಟಿ ನೋಡಿ ಖುಷಿಯಾದಳು. ಆಮೇಲೆ ಏನೋ ಕೇಳಿದಳು. ಮೈನುದ್ದೀನನ ಮುಖ ಸಣ್ಣದಾಯಿತು.

“ಇದರ ಮ್ಯಾಲ ಒಂದ ರೊಟ್ಟಿ ಮಾಡಿ ತೋರಸ್ತೀರೇನು ಅಂತ ಕೇಳ್ತಾರ.”

“ಹಿಟ್ಟ ಮುಗದೈತ್ರಿ,” ಎಂದಳು ಸಾಬೀರಾ ಥಟ್ಟನೆ. ಅವಳ ಮೊಣಕೈತನಕ ಜೋಳದ ಹಿಟ್ಟು ಬಡಿದಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲು ಹೋದವಳಿಗೆ ಕೆಮ್ಮು ಬಂತು. ಬಂದದ್ದು ನಿಲ್ಲಲೇ ಇಲ್ಲ. ಇಂಗರ್ ಗಾಬರಿಯಾಗಿ ಅವಳ ಬೆನ್ನು ಸವರಿದಳು. ಬಾಗಿಲಲ್ಲಿ ಇಣುಕುತ್ತಿದ್ದ ಚನ್ನವ್ವ ಓಡಿ ನೀರು ತಂದಳು.

ಇಷ್ರತ ಮುಂದೆ ಬಂದಳು.

“ಮೈನುದ್ದೀನ ಅವ್ರ, ನಾ ಖರೇ ಹೇಳ್ತೀನಿ. ಇದ್ದಂಗ ಹೇಳ್ರಿ. ನನಗ ಇಂಗ್ಲಿಷ್ ಮಾತಾಡಾಕ ಬರೂದಿಲ್ಲ ಖರೇ, ಆದ್ರ ನೀವು ಸುಳ್ಳ ಹೇಳಿದ್ರ ನಿಮ್ಮ ಮುಖಾ ನೋಡಿ ಗೊತ್ತಾಗತೈತಿ.”

“ಹೇಳ್ರಿ,” ಎಂದ.

“ಈ ಒಲಿಮ್ಯಾಲ ರೊಟ್ಟಿ ಆಗೂದಿಲ್ಲ. ಹಂಚ ಕುಂದರೂದಿಲ್ಲ. ಯಾರೂ ದಿನಾ ಹಚ್ಚೂದಿಲ್ಲ. ನೀವು ಬರೂ ದಿನ ಅಷ್ಟ ಹಚ್ತೇವಿ, ನಿಮ್ಮನ್ನ ಯಾರೂ ಬೈಬಾರದಂತ. ನಮ್ಮವ್ವ ಇನ್ನೂ ಆ ಹಳೇ ಒಲಿ ಮುಂದನ ಕುಂಡ್ರತಾಳ. ನಮ್ಮನಿ ಬಿಲ್ಲೆಯಾಗ ಇರೂದು ನಿಮ್ಮ ಚಹಾದ ಬಿಸಿ ಒಂದ.”

ಮೈನುದ್ದೀನ ಇಂಗರ್ ಕಡೆ ತಿರುಗಿ ಹೇಳತೊಡಗಿದ. ಇಷ್ರತ ಅವನ ಮುಖದಿಂದ ಕಣ್ಣು ಕೀಳಲಿಲ್ಲ. ಇದ್ದದ್ದನ್ನು ಇದ್ದಂತೆಯೇ ಹೇಳುತ್ತಿದ್ದ. ತನ್ನ ಕೈಯಾರೆ ತನ್ನ ಅನ್ನದ ತಾಟು ಸರಿಸುತ್ತಿದ್ದ. ಅವಳಿಗೆ ಅಳು ಬಂತು.

ಹೇಳಿ ಮುಗಿಯಬೇಕಿತ್ತು, ಮುಗಿಯಲಿಲ್ಲ. ಇಷ್ರತ ಆಡಿದ್ದಕ್ಕಿಂತ ಎರಡು ಪಟ್ಟು ಉದ್ದ ಹೋಯಿತು. ಅವನ ಕಿವಿ ಕೆಂಪಗಾದವು, ಮಾತು ಓಡತೊಡಗಿತು. ಇಷ್ರತಳ ಕಿವಿಗೆ ಸಿಕ್ಕಿದ್ದು ‘ಟೀ’ ಎಂಬ ಒಂದು ಶಬ್ದ, ‘ಎವರಿ ವೀಕ್’ ಎಂಬ ಇನ್ನೊಂದು. ಇಂಗರ್ ಸುಮ್ಮನೆ ಕೇಳಿ, ಇಷ್ರತಳನ್ನು ಅಡಿಯಿಂದ ಮುಡಿತನಕ ನೋಡಿ, ಚಹಾದ ಬಸಿಯನ್ನೂ ನೋಡಿ, ತುಟಿ ಕಚ್ಚಿಕೊಂಡಳು. ಸಿಟ್ಟೋ ನಗೆಯೋ ತಿಳಿಯಲಿಲ್ಲ.

ಆಮೇಲೆ ಅವಳು ಬೂಟು ಕಳಚಿ ಮಣ್ಣಿನ ಒಲೆಯ ಮುಂದೆ ನೆಲದ ಮೇಲೆಯೇ ಕೂತಳು. ಸಾಬೀರಾ ರೊಟ್ಟಿ ಬಡಿದು, ಸುಟ್ಟು, ಕೆಂಡಕ್ಕೆ ಒರಗಿಸಿ ಉಬ್ಬಿಸುವತನಕ ಕಣ್ಣೀರು ಸುರಿಸುತ್ತ, ಕೆಮ್ಮುತ್ತ ನೋಡಿದಳು. ತಾನೂ ಒಂದು ಬಡಿಯಲು ಹೋಗಿ ಹರಿದಳು. ಹಂಚನ್ನು ಗೇಣು ಹಾಕಿ ಅಳೆದಳು. ಕೊನೆಗೆ ಮೈನುದ್ದೀನನ ಕಿವಿಯಲ್ಲಿ ಏನೋ ಅಂದಳು.

“ಚಾಚಿ, ಹಂಚ ಕೊಡ್ರಿ ಅಂತಾರ. ತಮ್ಮ ದೇಶಕ್ಕ ಒಯ್ದು, ಇದಕ್ಕ ಒಪ್ಪೂ ಒಲಿ ಮಾಡ್ತಾರಂತ.”

“ಹಂಚ? ನಾಳಿ ರೊಟ್ಟಿ ನನ್ನ ತಲಿಮ್ಯಾಲ ಸುಡ್ಲೇನು?”

ಬೈದಳು, ಆದರೂ ಕೊಟ್ಟಳು. ಬಂದವರು ಬೇಡಿದ ಮೇಲೆ ಇಲ್ಲ ಎನ್ನುವುದು ಆ ಓಣಿಯಲ್ಲಿ ಯಾರಿಗೆ ಗೊತ್ತು? ಮೋದಿನಸಾಬ ಹಂಚಿನ ಸುತ್ತ ಅರಳೆ ಸುತ್ತಿ, ಗಾದಿಯ ಅರಿವೆಯಲ್ಲಿ ಹೊಲಿದು, ಕೂಸನ್ನು ಒಪ್ಪಿಸಿದಂತೆ ಇಂಗರ್‌ಳ ಕೈಗೆ ಒಪ್ಪಿಸಿದ.

ಜೀಪಿನ ಹತ್ತಿರ ಮೈನುದ್ದೀನ ಹಿಂದೆ ಉಳಿದ. “ಹಂಚ ತಿರುಗಿ ಬರತೈತ್ರಿ,” ಎಂದ.

“ನೀವು?”

“ಅದು ನನ್ನ ಕೈಯಾಗ ಇಲ್ಲ.”

ಅವನು ಬರಲಿಲ್ಲ. ವಾರ ಹೋಯಿತು, ತಿಂಗಳು ಹೋಯಿತು. ರೋಣದ ಆಫೀಸಿಗೆ ಕೀಲಿ ಬಿತ್ತು. ಹುಡುಗನನ್ನು ಕೆಲಸದಿಂದ ತೆಗೆದರು ಎಂದು ಒಬ್ಬರು, ಗಜೇಂದ್ರಗಡದ ಕಮ್ಮಾರನ ಅಂಗಡಿಯಲ್ಲಿ ಕಂಡೆವು ಎಂದು ಇನ್ನೊಬ್ಬರು, ಹಂಚಿನ ಜೊತೆಗೇ ವಿಮಾನ ಹತ್ತಿದ ಎಂದು ಮತ್ತೊಬ್ಬರು. ಇಷ್ರತಳಿಗೆ ಯಾವುದನ್ನು ನಂಬಬೇಕೋ ತಿಳಿಯದು. ಎಲ್ಲವನ್ನೂ ನಂಬಿ, ಮರುದಿನ ಎಲ್ಲವನ್ನೂ ಬಿಡುತ್ತಿದ್ದಳು.

“ನಿನ್ನ ಖರೇ ಮಾತಿನ ಸಲುವಾಗಿ ನಮ್ಮ ಮೈನುದ್ದೀನಪ್ಪ ಮನಿಗೆ ಹೋದ ನೋಡು,” ಎಂದಳು ಚನ್ನವ್ವ ಒಮ್ಮೆ. ಇಷ್ರತಳ ಕಣ್ಣು ತುಂಬಿದ್ದನ್ನು ಕಂಡು ತಾನೇ ಪೇಚಾಡಿ, ತನ್ನ ಹಂಚು ತಂದು ಸಾಬೀರಾಳಿಗೆ ಕೊಟ್ಟು ಹೋದಳು.

ಅವನು ಬರುತ್ತಿದ್ದ ದಿನ ಬಂದರೆ ಇಷ್ರತ ಹೊಸ ಒಲೆ ಹಚ್ಚಿ ಚಹಾ ಕಾಸುತ್ತಿದ್ದಳು. ಬಸಿಗೆ ಸುರಿದು ತಾನೇ ಕುಡಿಯುತ್ತಿದ್ದಳು. ಬರದವನ ಮೇಲೆ ಸಿಟ್ಟು, ಕಳಿಸಿಕೊಟ್ಟ ತನ್ನ ಮೇಲೆ ಸಿಟ್ಟು. ಅವತ್ತು ಅವನು ಇಂಗ್ಲಿಷಿನಲ್ಲಿ ಅಷ್ಟುದ್ದ ಏನು ಹೇಳಿದ? ನನ್ನನ್ನು ಬೈದನೋ? ಇವಳ ಮಾತು ಕೇಳಬೇಡಿ ಎಂದನೋ? ಹಾಗಾದರೆ ಕಿವಿ ಯಾಕೆ ಕೆಂಪಾದವು? ತಲೆ ಮೊಸರುಗಡಿಗೆಯಾಯಿತು.

ಹೊಲದಲ್ಲಿ ಕಡಲೆ ಬಿತ್ತುವ ಹೊತ್ತಿಗೆ ಒಂದು ಟೆಂಪೋ ಓಣಿಯ ಬಾಯಲ್ಲಿ ನಿಂತಿತು. ಮೈನುದ್ದೀನ ಇಳಿದು ಬಂದ. ಬಿಸಿಲಿಗೆ ಕರ್ರಗಾಗಿದ್ದ, ಸೊರಗಿದ್ದ. ಹೆಗಲ ಮೇಲೆ ಒಂದು ದಪ್ಪನೆಯ ಕಬ್ಬಿಣದ ಒಲೆ, ಕಂಕುಳಲ್ಲಿ ಹಂಚು. ಹಂಚಿನ ಬೆನ್ನಿಗೆ ವಿಮಾನದವರು ಅಂಟಿಸಿದ ಚೀಟಿ ಇನ್ನೂ ಇತ್ತು.

ಸಾಬೀರಾ ಹಂಚು ಕೈಗೆ ತೆಗೆದುಕೊಂಡವಳೇ ಬಾಯಿ ಬಡಿದುಕೊಂಡಳು. “ಯವ್ವಾ, ಇದೇನ ಮಾಡ್ಯಾರೋ! ಬೆಳ್ಳಿ ತಾಟಿನಂಗ ತಿಕ್ಕ್ಯಾರಲ್ಲೋ! ವರ್ಷಗಟ್ಲೆ ಎಣ್ಣಿ ಕುಡದ ಹಂಚ. ಇನ್ನ ರೊಟ್ಟಿ ಅಂಟತಾವಲ್ಲಪಾ!”

“ಹೊಲಸಾಗೈತಿ ಅಂತ ತೊಳದಾರ್ರಿ ಚಾಚಿ. ಮೇಡಂ ಭಾಳ ನೊಂದಕೊಂಡ್ರು.”

ಸಾಬೀರಾ ಗೊಣಗುತ್ತಲೇ ಹಂಚಿಗೆ ಎಣ್ಣೆ ಸವರಿ ಕಾಯಿಸಿದಳು. ಹಂಚು ಹೊಸ ಒಲೆಯ ಮೇಲೆ ಅಲುಗದೆ ಕೂತಿತು. ಒಲೆಯ ಮುಂದೆ ಕೆಂಡ ಎಳೆದುಕೊಳ್ಳಲು ಅಂಗೈ ಅಗಲದ ತಗಡೊಂದಿತ್ತು. ಮೊದಲ ಎರಡು ರೊಟ್ಟಿ ಅಂಟಿದವು, ಬೈಗುಳ ತಿಂದವು. ಮೂರನೆಯದನ್ನು ಅವಳು ಕೆಂಡಕ್ಕೆ ಒರಗಿಸಿದಳು. ಮೆಲ್ಲಗೆ ಉಬ್ಬಿತು. ಸಾಬೀರಾ ಮೂಗಿನ ಮುಂದೆ ಕೈಯಾಡಿಸಿ ಹೊಗೆ ಹುಡುಕಿದಳು. ಕೆಮ್ಮಲು ಕಾದು ಕೂತಳು. ಕೆಮ್ಮು ಬರಲಿಲ್ಲ.

“ಆಗತೈತಿ,” ಎಂದಳು. ಮತ್ತೆ ಮುಖ ಆ ಕಡೆ ತಿರುಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಇಷ್ರತ ಹಿತ್ತಲ ಬಾಗಿಲಿಗೆ ಹೋಗಿ ನಿಂತಳು. ಮೈನುದ್ದೀನ ಹಿಂದೆ ಬಂದ.

“ಕೆಲಸ?” ಎಂದಳು.

“ಆ ಲೆಕ್ಕದ ಕೆಲಸ ಹೋತ್ರಿ. ಹಿಂದಿನ ಲೆಕ್ಕ ಖೊಟ್ಟಿ ಐತಿ ಅಂತ ಮೇಡಂ ಎರಡೂ ದೇಶಕ್ಕ ಬರದ್ರು, ಅಷ್ಟೂ ಅಳಿಸಿ ಹಾಕಿದ್ರು. ಮತ್ತ ಹಂಚ ನೋಡಿ ಒಲಿ ಮಾಡಸೂದು ಅಂದ್ರು. ಅವರಲ್ಲಿ ಚಿತ್ರಾ ತಗದು ಕಳಸ್ತಿದ್ರು, ನಾ ಗಜೇಂದ್ರಗಡದ ಕಮ್ಮಾರನ ಮುಂದ ಕುಂತ ಮಾಡಸ್ತಿದ್ದೆ. ಆಗಲಿಲ್ಲ, ಮತ್ತ ಮಾಡಸಿದೆ.”

“ಕಾಯಂ ಮಾಡಿದ್ರೇನು?”

“ಇಲ್ಲ. ಒಲಿ ಕೆಲಸ ಇರೂತನಕ ನಾನೂ ಇರ್ತೀನಿ, ಅಷ್ಟ.” ಅವನು ತಲೆ ತಗ್ಗಿಸಿದ. “ಒಲಿ ಆಗದ ಹೊರತು ನಿಮಗ ಮುಖಾ ತೋರಸಬಾರದಂತ ಮಾಡಿದ್ದೆ.”

“ಈ ಸಲ ಬಿಲ್ಲೆ ತಂದಿಲ್ಲಲ್ಲ. ಇನ್ನ ವಾರಾ ವಾರಾ ಬರಾಕ ಏನ್ ನೆವಾ ಹೇಳ್ತೀರಿ?”

“ಮೊದಲೂ ನೆವಾನ ಆಗಿತ್ರಿ. ಆ ಬಿಲ್ಲೆ ತಿಂಗಳಾನುಗಟ್ಲೆ ನೆನಪ ಇಟಗೋತಿತ್ತು. ವಾರಾ ವಾರಾ ಬದಲಸೂದು ಬೇಕಾಗಿರಲಿಲ್ಲ.”

ಇಷ್ರತ ಪೂರ್ತಿ ಅವನ ಕಡೆ ತಿರುಗಿದಳು.

“ಅವತ್ತ ಆ ಮೇಡಂಗ ಇಂಗ್ಲಿಷಿನ್ಯಾಗ ಅಷ್ಟುದ್ದ ಏನ್ ಹೇಳಿದ್ರಿ?”

ಅವನ ಕಿವಿ ಮತ್ತೆ ಕೆಂಪಾದವು. “ತಪ್ಪ ಓಣಿದಲ್ಲ, ನಂದಂತ ಹೇಳಿದೆ. ಒಲಿ ನಡದಿಲ್ಲಂತ ಬಿಲ್ಲೆ ನೋಡಿ ನನಗ ಎಂದೋ ಗೊತ್ತಿತ್ತು. ಖರೇ ಬರದ ಕಳಿಸಿದ್ರ ಕೆಲಸ ನಿಲ್ತಿತ್ತು, ಇಲ್ಲಿಗೆ ಬರೂದ ನಿಲ್ತಿತ್ತು. ಅದಕ್ಕ ದಿನಾ ಹಚ್ತಾರಂತ ಬರದು ಬಾಯಿ ಮುಚಗೊಂಡಿದ್ದೆ. ಈ ಮನಿಗೆ ನಾ ಒಲಿ ನೋಡಾಕ ಬರತಿರಲಿಲ್ಲ, ಈ ಹುಡುಗಿನ್ನ ನೋಡಾಕ ಬರತಿದ್ದೆ, ಇಕಿ ಅಂದ್ರ ನನಗ ಜೀವಾ ಅಂತ ಹೇಳಿದೆ.”

“ಅಯ್ಯ ನಿಮ್ಮ! ಎದುರಿಗೆ ನಿಂತಾಕಿಗೆ ಹೇಳೂದ ಬಿಟ್ಟು ಡೆನ್ಮಾರ್ಕಿಗೆ ಹೇಳಿ ಕಳಿಸೀರೇನು?” ಬೈಯಬೇಕು ಎಂದುಕೊಂಡಳು. ಅಳುತ್ತ ನಗತೊಡಗಿದಳು. ಎಷ್ಟು ತಿಂಗಳ ಗೊಂದಲ! ತಾನು ಎದುರಿಗೇ ನಿಂತು, ಕಣ್ಣು ಕೀಳದೆ ನೋಡಿ, ಒಂದು ಅಕ್ಷರ ತಿಳಿಯದೆ ಹೋಗಿತ್ತು.

“ಈಗ ನಿನಗೂ ಹೇಳೀನಲ್ಲ,” ಎಂದ ಅವನು. ‘ನೀವು’ ಹೋಗಿ ‘ನೀನು’ ಆದದ್ದು ಅವನಿಗೆ ತಿಳಿಯಲಿಲ್ಲ, ಅವಳಿಗೆ ತಿಳಿಯಿತು. “ಇನ್ನೊಂದ ಮಾತು. ನಮ್ಮವ್ವ ಟೆಂಪೋದಾಗ ಕುಂತಾಳ. ಕಾಯಂ ಇಲ್ಲದಾಂವ ಯಾವ ಮಾರಿ ಹೊತಗೊಂಡ ಕೇಳಲಿ ಅಂದೆ. ಅಕಿ, ನಡಿ, ನಾನೂ ಬರ್ತೀನಿ ಅಂದ್ಲು. ನೀ ಹೂಂ ಅಂದ್ರ ಇಳೀತಾಳ. ಒಲ್ಲೆ ಅಂದ್ರ ಹಂಗ ನರಗುಂದಕ್ಕ ಹೊಳ್ಳಸತೀನಿ.”

“ಇಷ್ಟೊತ್ತನಕಾ ಬಿಸಲಾಗ ಕುಂದರಸೀರೇನು, ಹಿರೇರನ್ನ!” ಇಷ್ರತ ಕಣ್ಣೊರೆಸಿಕೊಂಡು ಅವನನ್ನು ಅಕ್ಷರಶಃ ಹೊರಗೆ ದಬ್ಬಿದಳು. “ಕರಕೊಂಡ ಬರ್ರಿ ಲಗೂ!”

ಅವನು ಓಡಿದ. ಓಣಿಯ ಬಾಯಲ್ಲಿ ಚನ್ನವ್ವ ಯಾರನ್ನೋ ದೊಡ್ಡ ದನಿಯಲ್ಲಿ ಬರಮಾಡಿಕೊಳ್ಳುವುದು ಕೇಳಿಸಿತು. ಇಷ್ರತ ಒಳಗೆ ಬಂದು, ಹಂಚು ಕೆಳಗಿಳಿಸಿ, ಒಲೆಗೆ ಇನ್ನೆರಡು ಹತ್ತಿಕಟಿಗೆ ಸೇರಿಸಿ ಶುಂಠಿ ಜಜ್ಜಿದಳು. ಚಹಾಕ್ಕೆ ನೀರಿಡುವಾಗ ಒಂದು ಲೋಟ ಹೆಚ್ಚು ಹಾಕಿದಳು, ಅತ್ತೆಗೆಂದು.